ಹಿಮ್ಮುಖ ಜೋಗುಳ

"ರಿಪೇರಿ ಅಂಗಡಿಗೆ ಕೊಡೋದಾ? ನಾನು ಬದುಕಿರೋವಾಗ್ಲೇ?"

ಹೀಗೆಂದು ನಾನು ಗರ್ಜಿಸಿದ್ದು ಮಧ್ಯಾಹ್ನದ ಊಟವಾದ ಮೇಲೆ. ಹೊಟ್ಟೆ ತುಂಬಿದರೆ ಲೋಕಕ್ಕೆಲ್ಲ ತೂಕಡಿಕೆ ಬರುತ್ತದೆ. ನನ್ನೊಳಗೆ ಮಾತ್ರ ಒಬ್ಬ ವಿಜ್ಞಾನಿ ಮೈಮುರಿದು ಏಳುತ್ತಾನೆ!

ವಿಷಯ, ನಮ್ಮ ಅತ್ತೆಯ ಹಳೇ ಕಾಲದ ರೆಕಾರ್ಡ್ ಪ್ಲೇಯರ್. ಮಗಳ ಮನೆಯಲ್ಲಿರಲು ಅವರು ಬಂದಾಗ ಜೊತೆಗೆ ಬಂದ ಮರದ ಪೆಟ್ಟಿಗೆ. ಅದರಲ್ಲಿ ಜೋಗುಳದ ತಟ್ಟೆ ತಿರುಗಿದರೇ ಅವರಿಗೆ ಮಧ್ಯಾಹ್ನದ ನಿದ್ದೆ. ಆ ಹಾಡು ಶುರುವಾಯಿತೆಂದರೆ ಇಡೀ ಮನೆ ಮೆಲ್ಲಗೆ ತೇಲತೊಡಗುತ್ತಿತ್ತು. ಕಿಟಕಿಯ ಪರದೆ ಉಸಿರಾಡುತ್ತಿತ್ತು, ಬಿಸಿಲು ನೆಲದ ಮೇಲೆ ಮೈಚಾಚಿ ಮಲಗುತ್ತಿತ್ತು, ಅಡುಗೆಮನೆಯ ನಲ್ಲಿಯೂ ತೊಟ್ಟಿಕ್ಕುವ ಮುಂಚೆ ಒಮ್ಮೆ ಆಕಳಿಸುತ್ತಿತ್ತು.

ಅಂಥ ಪೆಟ್ಟಿಗೆ ಮೊನ್ನೆ 'ಬುಸ್' ಎಂದು ಹೊಗೆ ಬಿಟ್ಟು ನಿಂತುಹೋಯಿತು. ಅಂದಿನಿಂದ ಅತ್ತೆಗೆ ರೆಪ್ಪೆಗೆ ರೆಪ್ಪೆ ಹತ್ತಿಲ್ಲ. ಸುದ್ದಿ ನನ್ನ ಷಡ್ಡಕನ ಕಿವಿಗೂ ಬಿತ್ತು. "ನಮ್ಮನೆಗೆ ಬನ್ನಿ ಅತ್ತೆ, ಹೊಸಾ ಮೆಷಿನ್ನೇ ತಂದಿಟ್ಟಿದ್ದೀನಿ" ಎಂದು ಫೋನು ಮಾಡಿಯೇಬಿಟ್ಟ.

"ಇವತ್ತೂ ಕಣ್ಣು ಹತ್ತದಿದ್ರೆ ಸಂಜೆ ನಿಮ್ಮಕ್ಕನ ಮನೆಗೆ ಹೊರಡ್ತೀನಿ ಕಣೇ" ಎಂದರು ಅತ್ತೆ, ಸಂಕೋಚದಿಂದಲೇ.

ನನ್ನವಳ ಮುಖ ಬಾಡಿತು. ಅಮ್ಮ ತನ್ನ ಹತ್ತಿರ ಇರಲೆಂದು ವರ್ಷಗಟ್ಟಲೆ ಹಂಬಲಿಸಿದವಳು ಅವಳು. ಇನ್ನು ನಾನೋ, ಷಡ್ಡಕನ ಮುಂದೆ ತಲೆ ತಗ್ಗಿಸಲು ಹುಟ್ಟಿದವನಲ್ಲ!

ತಿರುಪುಗಳನ್ನು ಬಿಚ್ಚಿದೆ. ಶತ್ರು ಸಿಕ್ಕಿಬಿದ್ದ: ಸುಟ್ಟು ಕರಕಲಾಗಿ ಹೊಟ್ಟೆ ಒಡೆದುಕೊಂಡಿದ್ದ ಒಂದು ಪುಟ್ಟ ಡಬ್ಬಿ.

"ನೋಡೇ, ಕೆಪಾಸಿಟರ್ ಹೋಗಿದೆ."

"ಅದಿರ್ಲಿ, ನಿಮಗೆ ಕೆಪಾಸಿಟಿ ಇದೆಯಾ?"

ಉತ್ತರ ಕೊಡುವುದು ವೀರರ ಲಕ್ಷಣವಲ್ಲ. ಬೀದಿ ತುದಿಯ ಅಂಗಡಿಗೆ ಓಡಿ ಅಂಥದ್ದೇ ಹೊಸ ಕೆಪಾಸಿಟರ್ ತಂದೆ. ಬೆಸುಗೆ ಕಡ್ಡಿ ಕಾಯಿಸಿದೆ. ಹಳೆಯದರ ತಂತಿಗಳನ್ನು ಕತ್ತರಿಸುವಾಗ ಯಾವುದು ಎಲ್ಲಿತ್ತೆಂದು ಗುರುತಿಟ್ಟುಕೊಳ್ಳುವುದು ಸಾಮಾನ್ಯರ ಪದ್ಧತಿ. ನಾನು ಸ್ಫೂರ್ತಿಯಿಂದ ಬೆಸೆದೆ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ನನ್ನವಳು ತುದಿಗಾಲಲ್ಲಿ ಬಂದು ಪಿಸುಗುಟ್ಟಿದಳು: "ರೀ, ಪವಾಡ! ಅಮ್ಮಂಗೆ ತಾನಾಗೇ ಜೋಂಪು ಹತ್ತಿದೆ. ಸದ್ದು ಮಾಡ್ಬೇಡಿ."

"ಸದ್ದಲ್ಲ ಕಣೇ, ಜೋಗುಳ! ಜೋಂಪು ಗಾಢವಾಗ್ಲಿ" ಎಂದು ಸ್ವಿಚ್ ಒತ್ತಿ, ಆತುರದಲ್ಲಿ ಮುಳ್ಳನ್ನು ತಟ್ಟೆಯ ನಡುಭಾಗಕ್ಕೇ ಇಳಿಸಿದೆ.

ತಟ್ಟೆ ತಿರುಗಿತು. ಆಹಾ! ತಿರುಗಿತು, ಆದರೆ ಎಡಕ್ಕೆ! ತಂತಿಗಳು ಅದಲುಬದಲಾಗಿ ಮೋಟಾರು ಹಿಂದಕ್ಕೆ ಓಡುತ್ತಿತ್ತು. ಕೊಳಲು ಉಸಿರು ಬಿಡುವುದರ ಬದಲು ಸುರ್ ಎಂದು ಎಳೆದುಕೊಳ್ಳುತ್ತಿತ್ತು. ಹಾಡುವಾಕೆ ಹಾಡಿದ್ದನ್ನೆಲ್ಲ ಒಂದೊಂದಾಗಿ ವಾಪಸು ನುಂಗುತ್ತಿದ್ದಳು. ಗೋಡೆ ಗಡಿಯಾರವೂ ಹಿಂದಕ್ಕೆ ಹೊರಟಿತೇನೋ, ನಾವು ಉಂಡ ಊಟ ಪಾತ್ರೆಗೆ ಮರಳೀತೇನೋ ಎನ್ನಿಸಿ ನಾನು ಕನಸಿನಲ್ಲಿದ್ದವನಂತೆ ನಿಂತುಬಿಟ್ಟೆ.

ಓದುಗರೇ, ಜೋಗುಳವನ್ನು ಮುಂದಕ್ಕೆ ಹಾಡಿದರೆ ಎಚ್ಚರವಿದ್ದವರು ಮಲಗುತ್ತಾರೆ. ಹಿಂದಕ್ಕೆ ಹಾಡಿದರೆ ಮಲಗಿದವರು ಏಳುತ್ತಾರೆ! ಅತ್ತೆ ದಡಕ್ಕನೆ ಎದ್ದು ಕೂತರು.

"ಯಾರದು ಅಳೋದು?"

"ಯಾರೂ ಅಲ್ಲಮ್ಮ, ನಿಮ್ಮ ಅಳಿಯ ರಿಪೇರಿ ಮಾಡ್ತಿದಾರೆ" ಎಂದಳು ನನ್ನವಳು. ಅವಳ ದೃಷ್ಟಿಗೆ ಬೆಸುಗೆ ಕಡ್ಡಿಯೇ ತಣ್ಣಗಾಯಿತು.

ಗಾಬರಿಯಲ್ಲಿ ಪ್ಲಗ್ಗನ್ನೂ ಕೀಳದೆ ತಂತಿಗೆ ಕೈ ಹಾಕಿದೆ. 'ಢಬ್!' ಹೊಸ ಡಬ್ಬಿಯೂ ಹಳೆಯದರ ದಾರಿ ಹಿಡಿಯಿತು. ನನ್ನ ಬಲಹುಬ್ಬಿನ ಕಾಲುಭಾಗವೂ ಅದರ ಜೊತೆಗೇ ಹೊರಟಿತು.

ಹೊಗೆ ತೆಳ್ಳಗೆ ಮೋಡದಂತೆ ಮೇಲೇರಿತು. ಬಿಸಿಲಿನ ಕೋಲಿನಲ್ಲಿ ನನ್ನ ಮರ್ಯಾದೆ ಸುರುಳಿ ಸುರುಳಿಯಾಗಿ ತೇಲಿಹೋಗುವುದು ಕಾಣಿಸಿತು. ಅತ್ತೆ ಬಂದು ಪಕ್ಕದ ಆರಾಮ ಕುರ್ಚಿಯಲ್ಲಿ ಕೂತರು. ನನ್ನವಳು ಅಮ್ಮನ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದಳು.

"ಪಾಪ, ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ" ಎಂದರು ಅತ್ತೆ. "ಅದೇನದು, ಸುಟ್ಟುಹೋಗಿದ್ದು?"

ಮುಳುಗುವವನಿಗೆ ಹುಲ್ಲುಕಡ್ಡಿ! ನಾನು ಗಂಟಲು ಸರಿಮಾಡಿಕೊಂಡೆ.

"ಕೆಪಾಸಿಟರ್ ಅತ್ತೆ. ಒಂದು ಪುಟ್ಟ ಕೊಳ ಅಂದ್ಕೊಳ್ಳಿ. ಕರೆಂಟು ಬರುತ್ತೆ, ಕೊಳ ತುಂಬುತ್ತೆ. ಕರೆಂಟು ಹೋಗುತ್ತೆ, ಕೊಳ ಖಾಲಿಯಾಗುತ್ತೆ. ಮತ್ತೆ ಬರುತ್ತೆ, ಮತ್ತೆ ತುಂಬುತ್ತೆ..."

"ಹೂಂ."

"ಒಳಗೆ ಎರಡು ತಗಡು. ಇದು ಕೊಟ್ಟಿದ್ದನ್ನ ಅದು ತಗೊಳ್ಳಲ್ಲ, ಅದು ಕೊಟ್ಟಿದ್ದನ್ನ ಇದು ತಗೊಳ್ಳಲ್ಲ..."

"ಹೂಂ..."

"ಆದ್ರೂ ಎರಡೂ ಅಕ್ಕಪಕ್ಕ ಇರ್ತವೆ. ತುಂಬುತ್ತೆ... ಖಾಲಿಯಾಗುತ್ತೆ..."

ಮೂರನೆಯ 'ಹೂಂ' ಬರಲಿಲ್ಲ. ಅದರ ಬದಲು ಸಣ್ಣಗೆ, ದೂರದ ದೋಣಿಯಂತೆ, ಒಂದು ಗೊರಕೆ ಬಂತು! ಪರದೆ ಮತ್ತೆ ಉಸಿರಾಡತೊಡಗಿತು. ನನ್ನವಳ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು.

ಗೆದ್ದೆ! ಗೆಲುವಿನ ಉಸಿರೆಳೆದುಕೊಳ್ಳಲು ನಾನು ಒಂದು ಕ್ಷಣ ಮಾತು ನಿಲ್ಲಿಸಿದೆ. ಅತ್ತೆಯ ಹುಬ್ಬು ಗಂಟಿಕ್ಕಿತು. ಕಣ್ಣು ಬಿಡದೆಯೇ ಗೊಣಗಿದರು:

"ತಟ್ಟೆ ಮುಗೀತು ಕಣೇ... ಆ ಕಡೆ ತಿರುಗಿಸಿ ಹಾಕು."

ನನ್ನವಳು ಸದ್ದಿಲ್ಲದೆ ಬಂದು ನನ್ನ ಕಿವಿ ಹಿಡಿದಳು.

"ಇದಕ್ಕೆ ಆ ಕಡೆ ಏನೂ ಇಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಕಿವಿಯನ್ನು ಗುಂಡಿಯಂತೆ ತಿರುವಿದಳು. "ಇದನ್ನೇ ಮೊದಲಿಂದ ಹಾಕ್ತೀನಿ."