ಅಪ್ಪ ಹಿಮದ ಬೆಟ್ಟ ನೋಡಲು ಹೋದದ್ದು

ಬೆಟ್ಟದ ಮೇಲೆ ಹುಟ್ಟಿದವರು ಇನ್ನೊಂದು ಬೆಟ್ಟ ನೋಡಲು ಹೋದರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ನಮಗೆ ದಿನಾ ಆಯಿತು. ನನಗೆ ಕಥೆ ಬರೆದು ಅಭ್ಯಾಸವಿಲ್ಲ, ಆದ್ದರಿಂದ ಮೊದಲೇ ಸ್ವಲ್ಪ ವಿವರಿಸಿಬಿಡುತ್ತೇನೆ. ನಮ್ಮೂರು ಪಣಕಹಳ್ಳಿ, ತಾಳವಾಡಿ ಬೆಟ್ಟದ ಮೇಲಿದೆ. ಬೆಟ್ಟ ಎಂದರೆ ಚೂಪಾದದ್ದಲ್ಲ. ಹತ್ತಿ ಬಂದ ಮೇಲೆ ಬಯಲೇ, ರಾಗಿ ಹೊಲ, ಸುತ್ತ ಕಾಡು. ಎಂಬತ್ತರ ದಶಕದ ಮೊದಲಲ್ಲಿ ನಮ್ಮವ್ವ ತೀರಿಕೊಂಡಳು. ಅವಳ ತವರು ಪಕ್ಕದ ಗೆಟ್ಟವಾಡಿ. ಅವಳಿಗೆ ಇದ್ದದ್ದು ಒಂದೇ ಆಸೆ, ಶಿವ ಕೂತಿರುವ ಬಿಳಿ ಬೆಟ್ಟವನ್ನು ಒಮ್ಮೆ ನೋಡಬೇಕು ಎಂದು. (ಶಿವ ಕಾಣುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಬೆಟ್ಟ ಕಂಡರೆ ಸಾಕು ಎನ್ನುತ್ತಿದ್ದಳು.) ಅಪ್ಪ "ಕುಯ್ಲು ಮುಗೀಲಿ" ಎನ್ನುತ್ತಿದ್ದ. ಕುಯ್ಲು ಮುಗಿಯುತ್ತಿತ್ತು, ಆಮೇಲೆ ಉಳುಮೆ ಬರುತ್ತಿತ್ತು.

ಅವ್ವ ಹೋದ ಮೇಲೆ ಅಪ್ಪ ಊಟ ಕಡಿಮೆ ಮಾಡಿದ, ಮಾತು ಇನ್ನೂ ಕಡಿಮೆ ಮಾಡಿದ. ಒಂದು ದಿನ ಮುದ್ದೆ ಮುರಿಯುತ್ತಾ, "ಆ ಬೆಟ್ಟವ ನಾನಾದ್ರೂ ನೋಡ್ಬೇಕು ಕಣ್ಲಾ" ಎಂದ. ನಾನು ಶಾಲೆಯ ಮೇಷ್ಟ್ರು. ಬೇಸಿಗೆ ರಜೆ ಬಂದದ್ದೇ ಅವನನ್ನು ಕರೆದುಕೊಂಡು ಹೊರಟೆ.

ಕಿಟಕಿ

ರೈಲು ದಾರಿ ಮುಗಿದ ಮೇಲೂ ಬಸ್ಸಿನಲ್ಲಿ ಹತ್ತಿ ಹತ್ತಿ ಸೇರಬೇಕಾದ, ಉತ್ತರದ ತುದಿಯ ಸಣ್ಣ ಊರು ಅದು. ಲಾಡ್ಜಿನವನು ನಮ್ಮ ಕೋಣೆಗೆ ಬಂದು, ದೇವರ ಬಾಗಿಲು ತೆಗೆಯುವವನ ಹಾಗೆ ಕಿಟಕಿ ತೆಗೆದು ಕೈ ತೋರಿಸಿದ. ಹೊರಗೆ ಮೋಡ. ಬರೀ ಮೋಡ. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ನೋಡಿಯೇ ನೋಡಿದ.

"ಯಾವ್ದುಲಾ?"

"ಆ ಬೆಳ್ಳಗಿರೋದರ ಹಿಂದೆ ಇನ್ನೊಂದು ಬೆಳ್ಳಗಿದೆಯಂತೆ ಅಪ್ಪಾ. ಅದೇ ಬೆಟ್ಟ."

ಅಪ್ಪ ಮಂಚದ ಮೇಲೆ ಕೂತ. "ನಮ್ಮೂರ ಬಸ್ಸೂ ಇಂಗೇಯ. ಯಾವಾಗ ಕೇಳುದ್ರೂ ದಿಂಬಂ ಗಾಟಿ ತಿರುವಿನ ಇಂದೇನೇ ಇರ್ತದೆ."

ಕೂಗು

ಮೇಲೆ ಹತ್ತಿದರೆ ಕಂಡೀತು ಎಂದು ಲಾಡ್ಜಿನವನು ಸನ್ನೆ ಮಾಡಿದ. ದಾರಿ ತೋರಿಸಲು ಒಬ್ಬನನ್ನು ಗೊತ್ತು ಮಾಡಿಕೊಂಡೆವು. ಮಿಲಿಟರಿಯಿಂದ ನಿವೃತ್ತನಾದವನು. ತಮಿಳು ಸಿಪಾಯಿಗಳ ಜೊತೆ ಇದ್ದು ಮುರುಕು ತಮಿಳು ಕಲಿತಿದ್ದ. ನಮಗೆ ಹಿಂದಿ ಬಾರದು, ನಮ್ಮ ಬೆಟ್ಟ ತಮಿಳು ಸೀಮೆಗೆ ಸೇರಿದ್ದರಿಂದ ಅಪ್ಪನಿಗೂ ನನಗೂ ತಮಿಳು ಬರುತ್ತದೆ. ಹಾಗಾಗಿ ನಮ್ಮ ಮಾತೆಲ್ಲ ತಮಿಳಿನಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಡಿನ ದಾರಿ ಶುರುವಾದದ್ದೇ ಅಪ್ಪ ಪ್ರತಿ ತಿರುವಿನಲ್ಲೂ ನಿಂತು ಕೆಮ್ಮಿ, "ಬತ್ತಾ ಇದ್ದೀವಿ ಸ್ವಾಮೀ, ದಾರಿ ಬುಡಪ್ಪೋ!" ಎಂದು ಕೂಗತೊಡಗಿದ. ಇದು ನಮ್ಮ ಕಡೆ ರೂಢಿ. ಆನೆಗೆ ಮುಂಚೆಯೇ ತಿಳಿಸಿಬಿಟ್ಟರೆ ಅದು ಗಾಬರಿಯಾಗುವುದಿಲ್ಲ. ಗಾಬರಿಯಾಗದಿದ್ದರೆ ನಾವು ಉಳಿಯುತ್ತೇವೆ. ಆದರೆ ಅಲ್ಲಿ ಪಟ್ಟಣದ ಗಂಡ ಹೆಂಡತಿ ದುರ್ಬೀನು ಹಿಡಿದು, ಉಸಿರು ಕಟ್ಟಿಕೊಂಡು ಒಂದು ಹಕ್ಕಿ ನೋಡುತ್ತಿದ್ದರು. ಹಕ್ಕಿ ಹಾರಿಹೋಯಿತು. ಅವರು ಬೈದದ್ದು ಹಿಂದಿಯಲ್ಲಿ, ಪುಣ್ಯಕ್ಕೆ ನಮಗೆ ಅರ್ಥವಾಗಲಿಲ್ಲ.

"ಯಜಮಾನರು ಯಾಕೆ ಕೂಗ್ತಾರೆ?" ಎಂದು ದಾರಿ ತೋರಿಸುವವನು ಕೇಳಿದ. ಹೇಳಿದೆ. ಅವನು ನಕ್ಕು, "ಇಲ್ಲಿ ಆನೆ ಇಲ್ಲ. ಯಾವತ್ತೂ ಇರಲಿಲ್ಲ" ಎಂದ.

ಅಪ್ಪನಿಗೆ ನಂಬಿಕೆ ಬರಲಿಲ್ಲ. "ಅಂಗಾದ್ರೆ ಒಲ ಕಾಯಾಕಿಲ್ವಾ? ರಾತ್ರಿಯೆಲ್ಲಾ ಏನು ಮಾಡ್ತಾರೆ ಜನ?"

"ಮಲಗ್ತಾರೆ."

ಅಪ್ಪ ಮುಂದಿನ ತಿರುವಿನಲ್ಲೂ ನಿಂತು ಕೆಮ್ಮಿದ. ಆಮೇಲೆ ಮರುಕದಿಂದ ಕೇಳಿದ, "ವರ್ಷಪೂರ್ತಿನಾ?"

ಮೇಲೆ ಹೋದೆವು. ಅಲ್ಲೂ ಮೋಡವೇ ಇತ್ತು.

ಪೂಜೆ

ಮರುದಿನವೂ ಬೆಟ್ಟ ಕಾಣಲಿಲ್ಲ. ಅಪ್ಪ ಚಹಾ ಕುಡಿಯಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ದಾರಿ ತೋರಿಸುವವನ ಜೊತೆ ಕೆಳಗಿನ ಹೊಳೆಯ ದಡದಲ್ಲಿ ಕೂತಿದ್ದಾಗ ಒಬ್ಬ ಪೂಜಾರಿ ಬಂದ. ಅಪ್ಪನ ಹಣೆಯ ವಿಭೂತಿ, ಬಾಡಿದ ಮುಖ ನೋಡಿ ಎಲ್ಲ ತಿಳಿದವನಂತೆ "ಅಸ್ಥಿ?" ಎಂದು ಕೈ ಚಾಚಿದ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಅವ್ವ ನಮ್ಮ ಹೊಲದ ಬದುವಿನಲ್ಲೇ ಇದ್ದಾಳೆ. ತರುವುದಕ್ಕೆ ಏನೂ ಇರಲಿಲ್ಲ. ದಾರಿ ತೋರಿಸುವವನು ಇದನ್ನೆಲ್ಲ ಅವನಿಗೆ ಹಿಂದಿಯಲ್ಲಿ ಹೇಳಿದ.

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?" ಎಂದು ಪೂಜಾರಿ ಅವನಿಂದ ಕೇಳಿಸಿದ.

"ಬೆಟ್ಟ ನೋಡಾಕೆ."

"ಕಂಡಿತಾ?"

"ಇಲ್ಲ."

ಹಾಗಿದ್ದರೆ ಮೋಡ ಓಡಿಸುವ ಪೂಜೆ ಮಾಡುತ್ತೇನೆ ಎಂದು ಪೂಜಾರಿ ಹೊಳೆಯ ನೀರಿಗೇ ಇಳಿದುಬಿಟ್ಟ.

ಅಪ್ಪ ನೆಟ್ಟಗೆ ಕೂತ. "ಸುಮ್ನೆ ಓಡ್ಸೋದು ಬ್ಯಾಡ ಅನ್ನು. ತಾಳವಾಡಿ ಕಡೀಕೆ ಓಡ್ಸದಾದ್ರೆ ಮಾಡ್ಲಿ, ಬಿತ್ನೆ ಟೈಮು."

ಬಸ್‌ ಸ್ಟ್ಯಾಂಡು

ಹೊರಡುವ ಬೆಳಗ್ಗೆಯೂ ಮೋಡ. ಅಪ್ಪ ಯಾರ ಮುಖವನ್ನೂ ನೋಡದೆ ಬಸ್ಸಿನ ಪಕ್ಕ ನಿಂತಿದ್ದ. ಊರಿಗೆ ಹೋದ ಮೇಲೆ ಈ ಮನುಷ್ಯ ಇನ್ನು ಬಾಯಿಯೇ ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಡ್ರೈವರ್ ಹಾರನ್ ಹೊಡೆದ. ದಾರಿ ತೋರಿಸುವವನು ನಮ್ಮ ಚೀಲವನ್ನು ಬಸ್ಸಿನ ಮೇಲಕ್ಕೆ ಎತ್ತುತ್ತಿದ್ದವನು ಎತ್ತಿದ ಕೈಯಲ್ಲೇ ಮೇಲೆ ನೋಡುತ್ತಾ ನಿಂತುಬಿಟ್ಟ.

ನಾವು ಇಷ್ಟು ದಿನ ತೀರಾ ಕೆಳಗೆ ನೋಡಿದ್ದೆವು. ಬೆಟ್ಟ ಮೋಡದ ಮೇಲಿತ್ತು, ಆಕಾಶದಲ್ಲೇ ಇತ್ತು.

ಅಪ್ಪ ಚಪ್ಪಲಿ ಬಿಟ್ಟ. ಕೈ ಮುಗಿಯಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಆ ಜಾಗಕ್ಕೆ ಹೇಳಿದ: "ಅಗೋ, ನೋಡಮ್ಮಿ. ಅದೇಯ. ಅಷ್ಟು ದೊಡ್ಡ ಬೆಟ್ಟ, ಒಂದು ಕಡ್ಡಿ ಸೌದೆ ಸಿಕ್ಕಾಕಿಲ್ಲ. ಶಿವ ಅದೆಂಗೆ ಸಂಸಾರ ಮಾಡ್ತವ್ನೋ ಕಾಣೆ."

"ಯಾರ ಹತ್ತಿರ ಮಾತಾಡ್ತಿದ್ದಾರೆ?" ಎಂದು ದಾರಿ ತೋರಿಸುವವನು ನನ್ನ ಕಿವಿಯಲ್ಲಿ ಕೇಳಿದ.

"ನಮ್ಮವ್ವನ ಹತ್ತಿರ" ಎಂದೆ.

ಒಳ್ಳೆಯ ಮನುಷ್ಯ. ಚೀಲ ಇಳಿಸಿ, ಟೋಪಿ ತೆಗೆದು, ಆ ಖಾಲಿ ಜಾಗಕ್ಕೆ ಬಗ್ಗಿ, "ವಣಕ್ಕಂ ಅಮ್ಮಾ" ಎಂದ.

ಅಪ್ಪ ಬೆಟ್ಟದಿಂದ ಕಣ್ಣು ತೆಗೆಯದೆಯೇ ಅವನ ತೋಳು ತಟ್ಟಿದ.

"ಅವ್ಳು ಗೆಟ್ಟವಾಡಿಯೋಳು ಕಣಪ್ಪ. ತಮಿಳು ಬರಾಕಿಲ್ಲ."