ಹನುಮಂತಪ್ಪನ ಜೇಬಿನಲ್ಲಿ ನನ್ನ ದನಿ

ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ರೋಗವಿರುತ್ತದೆ. ತಮ್ಮ ದನಿ ಕೊನೆಯ ಬೆಂಚಿನ ಹಿಂದಿನ ಗೋಡೆಗೆ ತಾಗಿ ತಿರುಗಿ ಬಂದರೇ ಅವರಿಗೆ ಸಮಾಧಾನ. ನನ್ನ ಮನೆ ಸಿಂಧನೂರಿನಲ್ಲಿ. ಇಪ್ಪತ್ತೆರಡು ವರ್ಷದಿಂದ ತುರ್ವಿಹಾಳದ ಕಡೆಯ ಒಂದು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬಂದು ವಿಜ್ಞಾನ ಕಲಿಸುತ್ತಿದ್ದೇನೆ. ಸಂತೆಯಲ್ಲಿ ನಾನು ಬದನೆಕಾಯಿಯ ದರ ಕೇಳಿದರೆ ಪಕ್ಕದ ಸಾಲಿನವನು ಉತ್ತರ ಕೊಡುತ್ತಾನೆ, ಅಂಥ ದನಿ. ಆದರೆ ಒಂದು ಪಾಠ ಬಂದಾಗ ಮಾತ್ರ ಈ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಹದಿಹರೆಯದಲ್ಲಿ ದೇಹ ಬದಲಾಗುವ ಪಾಠ ಅದು. "ಇದು ಹಗೂರ ಐತಿ, ಮನ್ಯಾಗ ಓದ್ಕೊಂಡು ಬರ್ರಿ" ಎಂದು ಹೇಳಿ ನಾನು ಪ್ರತಿ ವರ್ಷ ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ಉಳಿದ ಯಾವ ಪಾಠವನ್ನೂ ಮನೆಯಲ್ಲಿ ಓದದ ಮಕ್ಕಳು ಇದೊಂದನ್ನು ತಪ್ಪದೆ ಓದಿಕೊಂಡು ಬರುತ್ತಿದ್ದರು ಎಂಬುದು ಬೇರೆ ಮಾತು.

ಇಂಥ ನನ್ನನ್ನೇ ಹುಡುಕಿಕೊಂಡು ವೀಣಾ ಬಂದಳು. ಲಿಂಗಸುಗೂರಿನ ಹುಡುಗಿ, ಕಂಪ್ಯೂಟರ್ ಓದಿದವಳು, ಮಸ್ಕಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಹೆಣ್ಣುಮಕ್ಕಳಿಗೆ ಮೈನೆರೆಯುವುದು, ಮುಟ್ಟು, ಶುಚಿ, ಯಾರಾದರೂ ಬೇಡದ ಕಡೆ ಕೈಹಾಕಿದರೆ ಏನು ಮಾಡಬೇಕು, ಇದನ್ನೆಲ್ಲ ತಿಳಿಸುವ ಒಂದು ಆ್ಯಪ್ ಮಾಡುತ್ತಿದ್ದಳು. "ಮೇಡಂ, ಕನ್ನಡ ನೀವ ಬರದು ಕೊಡ್ರಿ. ನಮ್ಮ ಹುಡುಗ್ಯಾರಿಗೆ ತಿಳಿಯೋ ಹಂಗ" ಎಂದಳು. ನನ್ನ ಪಾಠ ಹಾರಿಸುವ ಚಟ ಅವಳಿಗೆ ಗೊತ್ತಿರಲಿಲ್ಲ. ಮರ್ಯಾದೆಗೆ ಅಂಜಿ ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ನನ್ನೊಳಗಿನ ಟೀಚರ್ ಸುಮ್ಮನಿರಬೇಕಲ್ಲ! ಸಲಹೆಯ ಮೇಲೆ ಸಲಹೆ ಕೊಟ್ಟೆ. ಓದಲು ಬರದ ತಾಯಂದಿರಿಗೂ ಅರ್ಥವಾಗಲಿ, ಆ್ಯಪು ಮಾತಾಡಬೇಕು ಎಂದೆ. ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅದಿಲ್ಲದೆಯೂ ನಡೆಯಬೇಕು ಎಂದೆ. ಮುಟ್ಟಿನ ದಿನಕ್ಕೆ ಎರಡು ದಿನ ಮೊದಲು ಸಂಜೆ ಆರಕ್ಕೆ ನೆನಪು ಮಾಡಬೇಕು, ಫೋನು ಸೈಲೆಂಟಿನಲ್ಲಿದ್ದರೂ ಕೇಳಿಸಬೇಕು ಎಂದೆ. ವೀಣಾ ಎಲ್ಲಕ್ಕೂ ತಲೆಯಾಡಿಸಿ ಬರೆದುಕೊಂಡಳು. ದನಿಯೂ ನನ್ನದೇ. ಮಸ್ಕಿಯ ಅವರ ಕಚೇರಿಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದೆವು. 'ಮುಟ್ಟು' ಎಂಬ ಎರಡಕ್ಷರ ನನ್ನ ಬಾಯಿಂದ ಹೊರಡಲು ಹನ್ನೆರಡು ಸಲ ಬೇಕಾಯಿತು. ಒಮ್ಮೆ ಕೆಮ್ಮು, ಒಮ್ಮೆ ನಗು, ಒಮ್ಮೆ ಹೊರಗೆ ಬಸ್ಸಿನ ಹಾರನ್ನು. ಹನ್ನೆರಡನೆಯ ಸಲ ಸಿಟ್ಟು ಬಂದು ಕೊನೆಯ ಬೆಂಚಿಗೆ ಹೇಳುವ ಹಾಗೆ ಹೇಳಿಬಿಟ್ಟೆ. "ಇದ ಇರಲಿ ಮೇಡಂ, ಭಾಳ ಚಂದ ಬಂದೈತಿ" ಎಂದಳು ವೀಣಾ.

ಒಂದು ಶನಿವಾರ ನಮ್ಮ ಶಾಲೆಯಲ್ಲೇ ಆ್ಯಪನ್ನು ಪರೀಕ್ಷಿಸಲೆಂದು ಹುಡುಗಿಯರಿಗೆ ಮನೆಯ ಫೋನ್ ತರಲು ಹೇಳಿದ್ದೆವು. ಒಂಬತ್ತನೆಯ ತರಗತಿಯ ರೇಣುಕಾ ಎಲ್ಲರೂ ಹೋದ ಮೇಲೆ ಉಳಿದಳು. "ಟೀಚರ್, ನಂದು ತಾರೀಖು ಹಾಕ್ರಿ. ಆದರ ಯಾರಿಗೂ ಹೇಳಬ್ಯಾಡ್ರಿ. ಮನ್ಯಾಗ ಗೊತ್ತಿಲ್ರಿ" ಎಂದಳು. ಏಕೆ ಎಂದು ಕೇಳಿದೆ. "ದೊಡ್ಡಾಕಿ ಆಗ್ಯಾಳ ಅಂತ ಗೊತ್ತಾತಂದ್ರ ನಮ್ಮ ಮಾಮ ಸೀರಿ ತಗೊಂಡು ಬರ್ತಾನ್ರಿ. ಆರತಿ ಮಾಡಿ ಅವತ್ತ ಮದುವಿ ಮಾತು ತಗೀತಾರ. ಅಕ್ಕಗ ಹಂಗ ಆತ್ರಿ, ಮರುದಿನದಿಂದ ಸಾಲಿ ಬಿಡಿಸಿದ್ರು." ನಮ್ಮ ಕಡೆ ಸೋದರಮಾವನ ಸೀರೆ ಪ್ರೀತಿಯದೇ. ಅದರ ಸೆರಗಿಗೆ ಏನೇನು ಗಂಟು ಹಾಕಿರುತ್ತಾರೆ ಎಂಬುದು ಆ ಹುಡುಗಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಾರೀಖನ್ನು ನಾನೇ ಒತ್ತಿದೆ. ಕಣ್ಣೊರೆಸಿಕೊಂಡು ಹೋದಳು. ದೊಡ್ಡ ಉಪಕಾರ ಮಾಡಿದೆನೆಂದು ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಮುಂದಿನ ಶನಿವಾರ ಮಧ್ಯಾಹ್ನ ಮಸ್ಕಿಯ ಕಚೇರಿಗೆ ಹೋದಾಗ ವೀಣಾ ತನ್ನ ಫೋನಿನಲ್ಲಿ ಆ ನೆನಪಿನ ಮಾತನ್ನು ಕೇಳಿಸಿದಳು. ಹೊರಗೆ ಚಹಾ ಕುಡಿಯುತ್ತಿದ್ದ ಇಬ್ಬರು ಗಂಡಸರು ಬಾಗಿಲಲ್ಲಿ ಇಣುಕಿದರು. ನನಗೆ ಒಮ್ಮೆಲೇ ರೇಣುಕಾ ತಂದಿದ್ದ ಫೋನು ಕಣ್ಣ ಮುಂದೆ ಬಂತು. ಹಿಂಬದಿಗೆ ದೇವರ ಚಿತ್ರ ಅಂಟಿಸಿದ್ದ, ಅವರಪ್ಪನ ಫೋನು. ಮನೆಗೆಲ್ಲ ಅದೊಂದೇ. ಬೆರಳು ಮಡಚಿ ಎಣಿಸಿದೆ. ಎರಡು ದಿನ ಮೊದಲು ಎಂದರೆ ಇವತ್ತೇ. ಗಡಿಯಾರದಲ್ಲಿ ನಾಲ್ಕು.

"ಇಲ್ಲಿಂದ ಬಂದ್ ಮಾಡಾಕ ಬರತೈತೇನು?" ಎಂದು ಕೇಳಿದೆ. "ಹೆಂಗ್ ಬರತೈತ್ರಿ ಮೇಡಂ? ನೆಟ್‌ವರ್ಕ್ ಬ್ಯಾಡ ಅಂತ ನೀವ ಹೇಳಿದ್ರಿ. ಎಲ್ಲಾ ಆ ಫೋನಿನಾಗ ಐತಿ" ಎಂದಳು. ನನ್ನ ಬುದ್ಧಿವಂತಿಕೆ ಒಂದೊಂದಾಗಿ ಎದ್ದು ಬಂದು ನನ್ನೆದುರಿಗೆ ಕೈಕಟ್ಟಿ ನಿಂತಿತು. ರೇಣುಕಾಳ ಅಪ್ಪ ಹನುಮಂತಪ್ಪನಿಗೆ ಫೋನ್ ಮಾಡಿದೆ. ಮಗಳು ಹೊಲಕ್ಕೆ ಹೋಗಿದ್ದಳು.

"ಅಣ್ಣಾರ, ಸಂಜಿ ಆರರ ಹೊತ್ತಿಗೆ ಫೋನು ಒಂದು ತಾಸು ಬಂದ್ ಇಡ್ರಿ."

"ಯಾಕ್ರಿ ಟೀಚರ್?"

"ಬ್ಯಾಟರಿಗೆ ಚಲೋರಿ" ಎಂದೆ. ವಿಜ್ಞಾನ ಕಲಿಸುವವಳ ಬಾಯಿಂದ ಬಂದ ಮಾತು.

"ಇವತ್ತ ಆಗಂಗಿಲ್ರಿ. ಕಾಲುವಿ ನೀರಿಂದು ನಮ್ಮ ಪಾಳಿ ಐತಿ, ಆರರ ಸುಮಾರಿಗೆ ಮ್ಯಾಲಿನ ಹೊಲದವರು ಫೋನ್ ಮಾಡ್ತಾರ. ನಾಳಿ ಬೇಕಾದ್ರ ಎರಡು ತಾಸು ಬಂದ್ ಇಡ್ತೀನ್ರಿ, ನಿಮ್ಮ ಮಾತಿಗೆ."

ಬಸ್ಸು ಹತ್ತಿದೆ. ಮಸ್ಕಿಯಿಂದ ಸಿಂಧನೂರಿಗೆ ಇಷ್ಟು ದೂರವಿದೆ ಎಂದು ನನಗೆ ಅಂದೇ ತಿಳಿದದ್ದು. ಕುರಿಗಳು ಅಡ್ಡ ಬಂದವು, ಭತ್ತದ ಟ್ರ್ಯಾಕ್ಟರು ಅಡ್ಡ ಬಂತು, ಕಂಡಕ್ಟರು ಒಬ್ಬ ಅಜ್ಜಿಯ ಜೊತೆ ಕುಶಲ ಮಾತಾಡುತ್ತ ನಿಂತ. ಅಜ್ಜಿಯ ಕುಶಲದ ಮೇಲೆ ನನಗೆ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ. ಸಿಂಧನೂರಿನಲ್ಲಿ ಇಳಿದು ತುರ್ವಿಹಾಳದ ಬಸ್ಸಿಗೆ ಓಡಿದೆ. ಕಿಟಕಿಯ ಪಕ್ಕ ಕೂತು, ಆ ಹುಡುಗಿಯ ಶಾಲೆ ತಪ್ಪಿದರೆ ನಾನು ಯಾವ ಮುಖ ಇಟ್ಟುಕೊಂಡು ಹಾಜರಿ ಕೂಗಲಿ ಎಂದು ಯೋಚಿಸಿ ನಿಜವಾಗಿಯೂ ಅತ್ತೆ. ಪಕ್ಕದವಳು, "ಯಾರ್ ಹೋದ್ರಬೇ ಯವ್ವಾ?" ಎಂದು ಕೇಳಿದಳು.

ಹನುಮಂತಪ್ಪನ ಮನೆ ಮುಟ್ಟಿದಾಗ ಆರಕ್ಕೆ ಮೂರೇ ನಿಮಿಷವಿತ್ತು. ಕಟ್ಟೆಯ ಮೇಲೆ ಅವನ ಜೊತೆ ನೀರಿಗಾಗಿ ಕಾಯುತ್ತಿದ್ದ ಇನ್ನಿಬ್ಬರು ರೈತರು. ಫೋನು ಅಂಗಿಯ ಜೇಬಿನಲ್ಲಿ. "ಟೀಚರ್ ಬಂದಾರ, ಚಾ ಮಾಡ್ಲೇ" ಎಂದು ಅವನು ಹೆಂಡತಿ ಈರಮ್ಮನಿಗೆ ಕೂಗಿದ. ಬಾಗಿಲ ಹಿಂದೆ ರೇಣುಕಾಳ ಮುಖ ಕಂಡಿತು. ನಾನು ಕಣ್ಣಲ್ಲೇ ಹೇಳಿದ್ದನ್ನು ಅವಳು ಕಣ್ಣಲ್ಲೇ ಓದಿ ಬಿಳಿಚಿಕೊಂಡಳು.

"ಅಣ್ಣಾರ, ನಿಮ್ಮ ಫೋನು ಸ್ವಲ್ಪ ಕೊಡ್ರಿ. ನಂದು ಚಾರ್ಜ್ ಹೋಗೇತಿ" ಎಂದೆ. ಅವನು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ನನ್ನ ಚೀಲದಲ್ಲಿ ನನ್ನ ಫೋನು ಹೊಡೆದುಕೊಂಡಿತು. ನಮ್ಮವರು. "ಜೀರಿಗಿ ಡಬ್ಬಿ ಎಲ್ಲೈತಿ?" ಮದುವೆಯಾದಾಗಿನಿಂದ ಅದು ಒಂದೇ ಜಾಗದಲ್ಲಿದೆ. ಫೋನಿಟ್ಟು ತಲೆಯೆತ್ತಿದಾಗ ಹನುಮಂತಪ್ಪನ ಕೈ ಜೇಬಿನಿಂದ ಬರಿದೇ ಹೊರಬಂದಿತ್ತು. "ಚಾಲೂ ಐತಲ್ರಿ ನಿಮ್ಮದು!" ಎಂದು ಸಂತೋಷಪಟ್ಟ.

ಆಗ ಅವನ ಜೇಬು ಬೆಳಗಿತು. "ನೀರು ಬಂತು!" ಎಂದು ಮೂವರೂ ಎದ್ದು ನಿಂತು ಕಿವಿಗೊಟ್ಟರು. ಜೇಬಿನೊಳಗಿಂದ ನನ್ನ ಹನ್ನೆರಡನೆಯ ಸಲದ ದನಿ ಓಣಿಯ ತುದಿಗೆ ಮುಟ್ಟುವಂತೆ ಹೇಳಿತು: "ತಂಗಿ, ಇನ್ನೆರಡು ದಿನದಲ್ಲಿ ನಿನ್ನ ಮುಟ್ಟು ಬರಬಹುದು. ಹೆದರಬೇಡ. ಪ್ಯಾಡು ಸಿದ್ಧ ಇಟ್ಟುಕೋ."

ಮೂವರೂ ಜೇಬನ್ನು ನೋಡಿದರು. ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದ ನನ್ನನ್ನು ನೋಡಿದರು. ಹನುಮಂತಪ್ಪನ ಕತ್ತು ನಿಧಾನವಾಗಿ ಬಾಗಿಲ ಕಡೆಗೆ, ಮಗಳ ಕಡೆಗೆ ತಿರುಗತೊಡಗಿತು. ಅದು ಪೂರ್ತಿ ತಿರುಗಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ನಂದರೀ ಅದು!" ಎಂದು ಕೂಗಿದೆ. "ನನ್ನ ತಾರೀಖು! ಅವತ್ತ ಸಾಲ್ಯಾಗ ನಿಮ್ಮ ಫೋನಿನಾಗ ಹಾಕಿ ನೋಡಿದ್ದೆ, ತಗಿಯೋದು ಮರತಿದ್ದೆ. ಅದಕ್ಕ ಓಡಿ ಬಂದೀನಿ. ನಂಗ ಬರೋದೈತ್ರಿ ಮುಟ್ಟು, ಎರಡು ದಿನದಾಗ!"

ಗಂಡಸರು ಅಷ್ಟು ಬೇಗ ಕಟ್ಟೆ ಇಳಿದದ್ದನ್ನು ನಾನು ಕಂಡಿಲ್ಲ. ಒಬ್ಬನಿಗೆ ಎತ್ತಿನ ನೆನಪಾಯಿತು, ಇನ್ನೊಬ್ಬ ಏನೂ ನೆನಪಾಗದೆ ಸುಮ್ಮನೆ ಓಡಿದ. ಹನುಮಂತಪ್ಪ ಫೋನನ್ನು ಬಿಸಿ ಹೆಂಚಿನಂತೆ ಎರಡು ಬೆರಳಲ್ಲಿ ಹಿಡಿದು ಕಟ್ಟೆಯ ಮೇಲಿಟ್ಟು, "ತಗದು ಹಾಕ್ರಿ ಟೀಚರ್, ತಗದು ಹಾಕ್ರಿ" ಎಂದು ಓಣಿಗೆ ಮುಖ ಮಾಡಿ ನಿಂತ. ನಾನು ಆ್ಯಪನ್ನು ಅಳಿಸಿದೆ.

ಒಳಗೆ ಚಹಾ ಕೊಡುತ್ತ ಈರಮ್ಮ ಸಣ್ಣ ದನಿಯಲ್ಲಿ, "ಕೂಸಿಂದು ಅಂತ ನಂಗ ಗೊತ್ತೈತ್ರಿ" ಎಂದಳು. ನಾನು ಕಪ್ಪನ್ನು ಕೆಳಗಿಟ್ಟೆ. "ಬಟ್ಟಿ ಒಗಿಯಾಕಿ ನಾನ ಅಲ್ಲೇನ್ರಿ? ಮೂರು ತಿಂಗಳಾತು. ಸೀರಿ ತರಾವ ನನ್ನ ಒಡಹುಟ್ಟಿದ ತಮ್ಮರೀ. ಅವಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಆಕಿ ಹತ್ತನೇತ್ತ ಮುಗಿಸಲಿ." ತಾಯಿ ಮಗಳಿಂದ, ಮಗಳು ತಾಯಿಯಿಂದ ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡು ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ರೇಣುಕಾ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ಈಗ ನಮ್ಮ ಆ್ಯಪು ತಾರೀಖು ಕೇಳುವ ಮೊದಲು, "ಈ ಫೋನು ಯಾರದು?" ಎಂದು ಕೇಳುತ್ತದೆ. ನನ್ನ ದನಿಯನ್ನು ತೆಗೆಸಿ ಪರದೆಯ ಮೇಲೆ ಒಂದು ಸಣ್ಣ ಹೂವನ್ನು ಇಟ್ಟಿದ್ದೇವೆ, ಅದು ಸುಮ್ಮನೆ ಅರಳುತ್ತದೆ. ರೇಣುಕಾ ದಿನಾ ಶಾಲೆಗೆ ಬರುತ್ತಾಳೆ, ಎರಡನೆಯ ಬೆಂಚು.

ಕಥೆ ಮುಗಿಯಿತೆಂದುಕೊಂಡಿದ್ದೆ. ಮರುತಿಂಗಳು ಒಂದು ಸಂಜೆ ಅಡುಗೆಮನೆಯಲ್ಲಿದ್ದಾಗ ಹನುಮಂತಪ್ಪನ ಫೋನು ಬಂತು. ಬಹಳ ಹೊತ್ತು ಕೆಮ್ಮಿದ. "ಟೀಚರ್... ಹೋದ ತಿಂಗಳು ಈ ಹೊತ್ತಿಗೆ ನಿಮ್ಮ ದನಿ ಬಂದಿತ್ರಿ. ಈ ತಿಂಗಳು ಬಂದಿಲ್ಲ. ನೀವ ತಗದು ಹಾಕೀರಿ, ಖರೆ. ಆದರೂ ಮನಿಯಾಕಿ, ಒಂದು ಮಾತು ಕೇಳ್ರಿ ಅಂದ್ಲು. ನಿಮ್ಮ ತಬಿಯತ್ತು ಚಲೋ ಐತಿಲ್ರಿ?" ಈರಮ್ಮ ನನ್ನ ಸುಳ್ಳಿಗೆ ನೀರೆರೆದು ಬೆಳೆಸುತ್ತಿದ್ದಾಳೆಂದು ತಿಳಿಯಿತು. ಬೇಲಿ ಗಟ್ಟಿಯಾಗಿರಲಿ ಎಂದು ನಾನೂ, "ಆರಾಮದೀನ್ರಿ ಅಣ್ಣಾರ. ಈ ಸಲ ನಂದು ಮುಟ್ಟು ಒಂದೆಂಟು ದಿನ ತಡ ಆಗೇತಿ, ಅಷ್ಟರಿ" ಎಂದೆ, ಎಂದಿನ ದನಿಯಲ್ಲಿ.

ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ನಮ್ಮವರು ಬಾಗಿಲು ಹಿಡಿದು ನಿಂತಿದ್ದರು. ಹಣೆಯ ಮೇಲೆ ಬೆವರು. "ಎಂಟು ದಿನ ತಡ?" ಎಂದರು. "ಈ ವಯಸ್ಸಿನಾಗ? ಡಾಕ್ಟರ ಹಂತೇಕ ಹೋಗೂಣೇನು? ಮಂದಿ ಏನಂದಾರು?"

ನನಗೆ ಅದು ನಿಂತು ಒಂದೂವರೆ ವರ್ಷವಾಗಿದೆ. ಅವರಿಗೆ ನಾನು ಹೇಳೇ ಇರಲಿಲ್ಲ.