ನಮ್ಮ ಕೇರಿಯ ಮೂರು ಕಂಬಗಳೂ ದೇಶದ ಇಂಧನ ನೀತಿಯೂ

ಮನೆಯೊಳಗೆ ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲವೆಂಬುದನ್ನು ಮದುವೆಯಾದ ಮೊದಲ ವರ್ಷದಲ್ಲೇ ಒಪ್ಪಿಕೊಂಡವನು ನಾನು. ಸಾರಿಗೆ ಎಷ್ಟು ಹುಳಿ ಬೇಕು, ಬಂಗಡೆ ಮೀನು ತಾಜಾ ಹೌದೋ ಅಲ್ಲವೋ, ಹಿತ್ತಿಲ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು, ಇವೆಲ್ಲ ನನ್ನ ಹೆಂಡತಿ ಸುಮಿತ್ರೆಯ ಖಾತೆಗಳು. ನಡುವೆ ಬಾಯಿ ಹಾಕಿ ಮುಖಭಂಗ ಮಾಡಿಕೊಂಡದ್ದು ಸಾಕಾಗಿ, ಮನೆಯಲ್ಲಿ ಯಾರೂ ತಕರಾರು ತೆಗೆಯದ ವಿಷಯಗಳನ್ನು ಹುಡುಕಿಕೊಂಡೆ. ಕೇಂದ್ರ ಸರಕಾರದ ಮುಂಗಡಪತ್ರ, ವಿದ್ಯುತ್ ಉತ್ಪಾದನೆ ಮತ್ತು ಸೇನಾನೀತಿ. ಈ ಮೂರರ ಬಗ್ಗೆ ನಾನು ಏನು ಹೇಳಿದರೂ ಸುಮಿತ್ರೆ "ಹೌದಾ" ಎಂದು ಮೀನು ಕೊಯ್ಯುತ್ತ ಕೂರುತ್ತಿದ್ದಳು. ಅಷ್ಟು ಪ್ರೋತ್ಸಾಹ ನನಗೆ ಧಾರಾಳವಾಯಿತು.

ಎಪ್ಪತ್ತರ ದಶಕದ ಮಾತು. ಹೊನ್ನಾವರದ ಹೈಸ್ಕೂಲಿನಲ್ಲಿ ನಾನು ಇತಿಹಾಸದ ಮಾಸ್ತರ. ಶಾಲೆ ಬಿಟ್ಟ ಮೇಲೆ ಪೇಟೆಯ ಕ್ಷೌರದಂಗಡಿಯಲ್ಲಿ ಪೇಪರು ಹಿಡಿದು ಕೂತೆನೆಂದರೆ ದೇಶದ ಮೂರೂ ಗಡಿಗಳಿಗೆ ಅಲ್ಲಿಂದಲೇ ಸೈನ್ಯ ಹೊರಡುತ್ತಿತ್ತು. ಒಮ್ಮೆ ನನ್ನ ಯುದ್ಧತಂತ್ರ ಕೇಳುತ್ತ ಕೇಳುತ್ತ ಅಂಗಡಿಯವನು ಕೈಯಲ್ಲಿದ್ದ ಕತ್ತಿಯನ್ನು ನನ್ನ ಗಂಟಲ ಮೇಲೇ ಇಟ್ಟು ಮೈಮರೆತಿದ್ದ. ಆ ಹೊತ್ತಿಗೆ ಶಾಂತಿ ಒಪ್ಪಂದವೇ ಮೇಲು ಎಂದು ಮಾತು ಮುಗಿಸಿದೆ. ಪಕ್ಕದ ಕುರ್ಚಿಯಲ್ಲಿ ನೊರೆ ಹಚ್ಚಿಕೊಂಡು ಕೂತಿದ್ದವರು ನಮ್ಮ ಭಾಗದ ಎಂ.ಪಿ. ಸಾಹೇಬರು ಎಂಬುದು ಅವರು ಮುಖ ಒರೆಸಿಕೊಂಡ ಮೇಲೆ ಗೊತ್ತಾಯಿತು.

ಸಾಹೇಬರು ಒಳ್ಳೆಯ ಮನುಷ್ಯ. ಭಟ್ಕಳದಿಂದ ಕುಮಟೆಯವರೆಗೆ ಯಾರ ಮನೆಯ ಎಮ್ಮೆ ಕರು ಹಾಕಿದೆ, ಯಾರ ಅಜ್ಜಿಗೆ ಮಂಡಿನೋವು ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಖೋತಾ ಬಜೆಟ್ಟು ಎಂದೊಡನೆ ಮಾತನ್ನು ಮಂಡಿನೋವಿನ ಕಡೆ ತಿರುಗಿಸಿಬಿಡುತ್ತಿದ್ದರು. ಅವರು ನನ್ನನ್ನು ಬದಿಗೆ ಕರೆದು, "ಮಾಸ್ತರ್ರೇ, ನಿಮ್ಮ ಅಭಿಪ್ರಾಯ ಎಂತ ಉಂಟೋ ಅದನ್ನೇ ನನ್ನ ಅಭಿಪ್ರಾಯ ಅಂತ ಬರದ್ ಕೊಡಿ. ಯಾರಿಗೂ ಹೇಳೂದ್ ಬೇಡ. ಮನೇಲೂ ಬೇಡ" ಎಂದರು. ಮನೆಯಲ್ಲಿ ಹೇಳಿದರೂ ನಂಬುವವರಿಲ್ಲ ಎನ್ನಬೇಕೆಂದಿದ್ದೆ. ಹೇಗೋ ಮಾನ ಉಳಿಸಿಕೊಂಡೆ.

ಅಂದಿನಿಂದ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ದೇಶ ನಡೆಸತೊಡಗಿದೆ. ಭಟ್ಕಳದ ಸಭೆಗೆ ಮುಂಗಡಪತ್ರದ ಮೇಲೆ ಭಾಷಣ, ತದಡಿ ಬಂದರಿನ ಸಭೆಗೆ ನೌಕಾಪಡೆಯ ಮೇಲೆ. ನಾನು ಹಿಂದಿನ ಸಾಲಿನಲ್ಲಿ ನಿಂತು ಸಾಹೇಬರ ಜೊತೆ ತುಟಿ ಆಡಿಸುತ್ತಿದ್ದೆ. ಚಪ್ಪಾಳೆ ಬಿದ್ದಾಗ ಮೈ ಜುಮ್ಮೆನ್ನುತ್ತಿತ್ತು. ಕೆಲವು ಕಡೆ ನಾನೇ ಮೊದಲು ತಟ್ಟಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ತದಡಿಯಲ್ಲಿ ದೋಣಿಯವನೊಬ್ಬ ಎದ್ದು, "ಸಾಹೇಬ್ರೇ, ಯುದ್ಧದ ಹಡಗು ಬಂದ್ರೆ ನಮ್ಮ ಬಲೆ ಎಲ್ಲಿ ಬಿಡೂದು?" ಎಂದು ಕೇಳಿದ. ಸಾಹೇಬರು ಕಾಗದದಲ್ಲಿ ಉತ್ತರ ಹುಡುಕಿದರು, ನಾನು ಬರೆದಿರಲಿಲ್ಲ. ಅವನ ಅಪ್ಪನ ಆರೋಗ್ಯ ವಿಚಾರಿಸಿ ಕೂತರು. ಇಂಥ ಸಣ್ಣ ಪ್ರಶ್ನೆ ಕೇಳುವ ಜನರಿಂದ ದೇಶ ಹೇಗೆ ಮುಂದೆ ಬಂದೀತು ಎಂದು ನನಗೆ ಸಿಟ್ಟು ಬಂತು.

ಇನ್ನು ನನ್ನ ಮನೆಯ ವಿಷಯ. ನಮ್ಮದು ಶರಾವತಿಯ ಈಚೆ ದಡ. ಮೇಲೆ ಘಟ್ಟದಲ್ಲಿ ಅದೇ ಹೊಳೆಯಿಂದ ಕರೆಂಟು ತೆಗೆದು ನಾಡಿಗೆಲ್ಲ ಹಂಚುತ್ತಿದ್ದರು. ಕೆಲಸ ಮುಗಿಸಿದ ನೀರು ನಮ್ಮ ಅಂಗಳದ ಮುಂದೆ ಹಾದು ಸಮುದ್ರ ಸೇರುತ್ತಿತ್ತು. ಆಚೆ ದಡದಲ್ಲಿ ಹೊನ್ನಾವರ ಝಗಝಗ ಹೊಳೆಯುತ್ತಿತ್ತು, ನಮ್ಮಲ್ಲಿ ಲಾಟೀನು. ಸುಮಿತ್ರೆ ಕೇರಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೊಡುತ್ತಿದ್ದಳು. ಹಗಲೆಲ್ಲ ಮನೆಗೆಲಸ, ಹೊಲಿಗೆ ಮಿಶನ್ನಿಗೆ ಕೂರುವುದು ದೀಪ ಹಚ್ಚಿದ ಮೇಲೆಯೇ. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ತಡಕಾಡಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊನ್ನಾವರದ ಡಾಕ್ಟರು ಕಣ್ಣು ನೋಡಿ, "ಬೆಳಕಿಲ್ಲದೆ ಹೊಲಿಯೂದ್ ಬಿಡಿ, ಇಲ್ದಿದ್ರೆ ಕಣ್ಣು ಹೋಗ್ತದೆ" ಎಂದಿದ್ದರು. ಅರ್ಜಿ ಹಾಕಿ ಬಹಳ ಕಾಲವಾದ ಮೇಲೆ, ಅಂತೂ ಮೂರು ಕಂಬ ತಂದು ನಮ್ಮ ಕೇರಿಯ ಬದಿಯಲ್ಲಿ ಮಲಗಿಸಿದ್ದರು. ಸುಮಿತ್ರೆ ದಿನಾ ಹೋಗಿ ಅವನ್ನು ನೋಡಿ ಬರುತ್ತಿದ್ದಳು.

ಆಗಲೇ ಸಾಹೇಬರಿಗೆ ಕುಮಟೆಯಲ್ಲಿ ವಿದ್ಯುತ್ ಕೊರತೆಯ ಬಗ್ಗೆ ಭಾಷಣ ಬೇಕಾಯಿತು. ನಮ್ಮ ಕೇರಿಯ ಬಗ್ಗೆ ಒಂದು ಸಾಲು ತುರುಕಬಹುದಿತ್ತು. ಛೆ, ರಾಷ್ಟ್ರದ ವಿಷಯದಲ್ಲಿ ಸ್ವಂತ ಮನೆಯ ಕಂಬವೇ ಎಂದು ನನ್ನನ್ನು ನಾನೇ ಗದರಿಕೊಂಡು, ಗದರಿದ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರೆದೆ: "ಮೊದಲು ಯಂತ್ರ, ಆಮೇಲೆ ಮನೆ. ಹೊಸ ಮನೆಗಳು ಕೆಲಕಾಲ ಕಾಯಲಿ." ಸಾಹೇಬರು ಮೇಜು ಗುದ್ದಿ ಹೇಳಿದರು. ಕುಮಟೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲೆ ಕೂತಿದ್ದ ಕರೆಂಟ್ ಆಫೀಸಿನ ಇಂಜಿನಿಯರು ಚಪ್ಪಾಳೆ ತಟ್ಟದೆ ಚೀಟಿಯಲ್ಲಿ ಬರೆದುಕೊಂಡರು.

ಮರುವಾರ ಲಾರಿ ಬಂದು ಮೂರೂ ಕಂಬಗಳನ್ನು ಎತ್ತಿಕೊಂಡಿತು. ಸುಮಿತ್ರೆ ಓಡಿ ಹೋಗಿ, "ಎಂತಕ್ಕೆ ಒಯ್ತ್ರಿ? ಇದು ನಮ್ಮ ಕೇರಿ ಕಂಬ!" ಎಂದು ಲಾರಿಗೆ ಅಡ್ಡ ನಿಂತಳು. ಲೈನ್‌ಮನ್ ಪಾಪ ಮೆತ್ತಗೆ, "ಐಸ್ ಫ್ಯಾಕ್ಟರಿಗೆ ಅಕ್ಕಾ. ಎಂ.ಪಿ. ಸಾಹೇಬ್ರು ಭಾಷಣದಲ್ಲಿ ಹೇಳಿದ್ರಲ್ಲ, ಮೊದಲು ಯಂತ್ರ ಅಂತ" ಎಂದ. ನಾನು ಬಾಗಿಲ ಮರೆಯಲ್ಲೇ ನಿಂತು ಕೇಳಿಸಿಕೊಂಡೆ. ಆ ಸಂಜೆ ಸುಮಿತ್ರೆ ದಾರ ಪೋಣಿಸಲಾಗದೆ ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ನನಗೆ ನಿಜವಾಗಿ ನಾಚಿಕೆಯಾಯಿತು. ಹೇಳಿಬಿಡೋಣ ಎಂದುಕೊಂಡೆ, ಆದರೆ ಸಾಹೇಬರಿಗೆ ಮಾತು ಕೊಟ್ಟಿದ್ದೆನಲ್ಲ. ಹೇಡಿಗೆ ಇಂಥ ಹೊತ್ತಿನಲ್ಲಿ ಪ್ರಾಮಾಣಿಕತೆ ಬಹಳ ಒದಗಿ ಬರುತ್ತದೆ.

ಹದಿನೈದು ದಿನದ ಮೇಲೆ ಸಾಹೇಬರ ಕುಮಟೆಯ ಕಚೇರಿಯಿಂದ ಕರೆ ಬಂತು. ಮೇಜಿನ ಮೇಲೆ ಒಂದು ರಾಶಿ ಅರ್ಜಿ. "ಎಲ್ಲ ಕರೆಂಟಿಗೇ ಮಾಸ್ತರ್ರೇ. ಎಲ್ಲರಿಗೂ ಒಂದೇ ಉತ್ತರ ಬರದ್ ಕೊಡಿ. ಇಲ್ಲ ಅನ್ನೂದನ್ನ ಚಲೋ ಮಾಡಿ ಹೇಳ್ಬೇಕು, ಆತಾ?" ಎಂದರು. ಒಂದು ಅರ್ಜಿಯನ್ನಾದರೂ ಬಿಡಿಸಿ ನೋಡಬೇಕಿತ್ತು. ನೋಡಲಿಲ್ಲ. ಪೆನ್ನು ಹಿಡಿದೊಡನೆ ನನಗೆ ಮನುಷ್ಯರು ಕಾಣುವುದಿಲ್ಲ, ವಾಕ್ಯಗಳಷ್ಟೇ ಕಾಣುತ್ತವೆ. ಒಂದೇ ಸಲಕ್ಕೆ ಕೂತು ಬರೆದು ಮುಗಿಸಿ, ಅವರು ಕೊಟ್ಟ ಚಹಾ ಕುಡಿದು ಬಂದೆ.

ಕೆಲವು ದಿನ ಕಳೆದು ಶಾಲೆಯಿಂದ ಮನೆಗೆ ಬಂದಾಗ ಸುಮಿತ್ರೆ ಲಾಟೀನಿನ ಹತ್ತಿರ ಸೈಕ್ಲೋಸ್ಟೈಲ್ ಮಾಡಿದ ಕಾಗದವೊಂದನ್ನು ಹಿಡಿದು ಕೂತಿದ್ದಳು. ನನಗೆ ಹೇಳದೆ ತಾನೇ ಎಂ.ಪಿ. ಸಾಹೇಬರಿಗೆ ಅರ್ಜಿ ಬರೆದು ಹಾಕಿದ್ದಳಂತೆ, ಅದಕ್ಕೆ ಬಂದ ಉತ್ತರ. ಕಣ್ಣಿನ ವಿಷಯ, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಬರೆದಿದ್ದಳಂತೆ. ಕಾಗದವನ್ನು ಕಣ್ಣಿನ ತೀರ ಹತ್ತಿರ ಹಿಡಿದು, ತಡೆದು ತಡೆದು ಪೂರ್ತಿ ಓದಿದಳು. ಓದಿ, "ಇದನ್ನ ಬರದವ್ರ ಮನೇಲಿ ಕರೆಂಟ್ ಇರ್ಬೇಕು ಕಾಣಿ. ಇಲ್ದೆ ಹೋದ್ರೆ ಹೀಂಗ್ ಬರಿಯೂಕೆ ಮನಸ್ಸು ಬರೂದಿಲ್ಲ" ಎಂದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕಣ್ಣೀರು ಬರುವಷ್ಟು ಪಶ್ಚಾತ್ತಾಪವೂ ಆಗಿತ್ತು. ಆದರೆ ಅವಳು ಓದುವಾಗ ನನಗೆ ಇನ್ನೊಂದು ಸಂಕಟ ಶುರುವಾಗಿತ್ತು, ತಡೆಯಲಾಗಲಿಲ್ಲ.

"ಎರಡನೇ ಪ್ಯಾರಾದ ಕೊನೆಗೆ ಒಂದು ವಾಕ್ಯ ಬಿಟ್ಟಿದ್ದಾರಲ್ಲ!" ಎಂದೆ.

ಸುಮಿತ್ರೆ ತಲೆ ಎತ್ತಿದಳು. "ಎಂತ ವಾಕ್ಯ?"

ಹೇಳಬಾರದಿತ್ತು. ಎದ್ದು ನಿಂತು ಹೇಳಿದೆ. "ಇಂದು ನಮ್ಮ ಅಂಗಳದಲ್ಲಿ ಉರಿಯದ ದೀಪವೇ ನಾಳೆ ದೇಶದ ಗಡಿಯಲ್ಲಿ ಉರಿಯುವ ದೀಪ."

ಅವಳು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಆತು" ಎಂದಳು. ಲಾಟೀನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನಾನು ಕತ್ತಲೆಯಲ್ಲಿ ಕೂತೆ. ಮಾಡಿದ್ದಕ್ಕೆ ಮನಸಾರೆ ಮರುಗಿದೆ. ಆಮೇಲೆ ಆ ವಾಕ್ಯವನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿ ನೋಡಿದೆ. "ಉರಿಯದ" ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.